ಟೈಮರ್ ರದ್ದಾಯಿತು, ಗಂಟು ಉಳಿಯಿತು: ಸೋರ್ಸ್‌ಮಾಡ್ ಪ್ಲಗಿನ್‌ನಲ್ಲಿ ಮೆಮೊರಿ ಸೋರದಂತೆ ನೋಡಿಕೊಳ್ಳುವುದು ಹೇಗೆ

ಮನೆಯಲ್ಲಿ ಮದುವೆ ಇದ್ದಕ್ಕಿದ್ದಂತೆ ಮುಂದಕ್ಕೆ ಹೋಯಿತು ಅಂದುಕೊಳ್ಳಿ. ಅಡುಗೆಯವರಿಗೆ ಫೋನ್ ಮಾಡಿ ಬರಬೇಡಿ ಅಂತ ಹೇಳಿದಿರಿ. ಆದರೆ ಹಿಂದಿನ ದಿನವೇ ಬಾಡಿಗೆಗೆ ತಂದಿಟ್ಟ ಹಂಡೆ, ಕೊಳಗ, ಕೊಪ್ಪರಿಗೆಗಳು ಹಿತ್ತಲಲ್ಲಿ ಹಾಗೇ ಇವೆ. ಅವನ್ನು ಅಂಗಡಿಗೆ ವಾಪಸ್ ಕಳಿಸಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಬಾಡಿಗೆ ಮಾತ್ರ ದಿನಾ ಏರುತ್ತಿದೆ.

ಪ್ಲಗಿನ್‌ನಲ್ಲಿ ಟೈಮರ್ ರದ್ದು ಮಾಡುವಾಗ ಆಗುವುದೂ ಹೀಗೇ. ಟೈಮರ್ ನಿಲ್ಲುತ್ತದೆ. ಅದು ಹೊತ್ತುಕೊಂಡಿದ್ದ ಮಾಹಿತಿಯ ಗಂಟು ಮೆಮೊರಿಯಲ್ಲೇ ಉಳಿಯುತ್ತದೆ. ಈ ಲೇಖನ ಸೋರ್ಸ್‌ಮಾಡ್ ಬಗ್ಗೆ. ವಾಲ್ವ್ ಕಂಪನಿಯ ಸೋರ್ಸ್ ಎಂಜಿನ್ ಮೇಲೆ ನಡೆಯುವ ಕೌಂಟರ್-ಸ್ಟ್ರೈಕ್ ಸೋರ್ಸ್, ಟೀಮ್ ಫೋರ್ಟ್ರೆಸ್ 2, ಲೆಫ್ಟ್ 4 ಡೆಡ್ 2 ತರಹದ ಆಟಗಳ ಸರ್ವರ್‌ಗೆ ನಮ್ಮದೇ ನಿಯಮ ಸೇರಿಸಲು ಬಳಸುವ ಸಾಧನ ಅದು. ಆ ನಿಯಮ ಹೊತ್ತ ಸಣ್ಣ ಪ್ರೋಗ್ರಾಮೇ ಪ್ಲಗಿನ್, ಅದನ್ನು ಬರೆಯುವುದು ಸೋರ್ಸ್‌ಪಾನ್ ಭಾಷೆಯಲ್ಲಿ. ಇಲ್ಲಿ ಫಂಕ್ಷನ್ ಹೆಸರುಗಳನ್ನೆಲ್ಲ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಕೋಡ್‌ನಲ್ಲಿ ಟೈಪ್ ಮಾಡುವಾಗ ಅದೇ ಹೆಸರನ್ನು ಇಂಗ್ಲಿಷ್‌ನಲ್ಲಿ ಬರೆಯಿರಿ.

ನಾನು ಗೆಳೆಯರಿಗಾಗಿ ಒಂದು ಕೌಂಟರ್-ಸ್ಟ್ರೈಕ್ ಸೋರ್ಸ್ ಸರ್ವರ್ ನಡೆಸುತ್ತಿದ್ದೆ. ಅದಕ್ಕೆ ಒಂದು ಸಣ್ಣ ಪ್ಲಗಿನ್ ಬರೆದಿದ್ದೆ. ಆಟಗಾರ ಸತ್ತರೆ 10 ಸೆಕೆಂಡ್ ಬಿಟ್ಟು ಅದೇ ಜಾಗದಲ್ಲಿ, ಅದೇ ಬಂದೂಕಿನೊಂದಿಗೆ ಮತ್ತೆ ಹುಟ್ಟಬೇಕು, ಅಷ್ಟೇ ಅದರ ಕೆಲಸ. ಆ 10 ಸೆಕೆಂಡ್ ಒಳಗೆ ಆಟಗಾರ ಸರ್ವರ್ ಬಿಟ್ಟು ಹೋದರೆ, ಇಲ್ಲವೇ ರೌಂಡ್ ಮುಗಿದು ಹೊಸದು ಶುರುವಾದರೆ ಟೈಮರ್ ರದ್ದು. ಎರಡು ವಾರ ರೀಸ್ಟಾರ್ಟ್ ಇಲ್ಲದೆ ಸರ್ವರ್ ಚೆನ್ನಾಗೇ ಓಡಿತು. ಆಮೇಲೆ ಒಂದು ಭಾನುವಾರ ಸಂಜೆ, ಎಲ್ಲರೂ ಸೇರಿದ್ದ ಹೊತ್ತಿನಲ್ಲಿ, ಪ್ಲಗಿನ್ ತಾನಾಗೇ ಮಾಯವಾಯಿತು. ಲಾಗ್ ತೆಗೆದು ನೋಡಿದರೆ ದೊಡ್ಡ ಅಕ್ಷರದಲ್ಲಿ ‘ಮೆಮೊರಿ ಲೀಕ್ ಡಿಟೆಕ್ಟೆಡ್ ಇನ್ ಪ್ಲಗಿನ್’ ಅಂತ ಇತ್ತು. ಪಕ್ಕದಲ್ಲಿ ನನ್ನ ಫೈಲಿನ ಹೆಸರು.

ಟೈಮರ್‌ನಂಥ ವಸ್ತುಗಳಿಗೆ ಸೋರ್ಸ್‌ಮಾಡ್ ಹ್ಯಾಂಡಲ್ ಎಂಬ ನಂಬರ್ ಕೊಡುತ್ತದೆ. ಈ ಹ್ಯಾಂಡಲ್‌ಗಳ ಸಂಖ್ಯೆಗೆ ಒಂದು ಮಿತಿ ಇದೆ. ಅದು ತುಂಬಿಹೋದಾಗ ಯಾವ ಪ್ಲಗಿನ್ ಅತಿ ಹೆಚ್ಚು ಹ್ಯಾಂಡಲ್ ಹಿಡಿದುಕೊಂಡಿದೆ ಅಂತ ಅದು ಹುಡುಕುತ್ತದೆ. ಸಿಕ್ಕಿದ ಪ್ಲಗಿನ್ ಅನ್ನೇ ಇಳಿಸಿ (ಅನ್‌ಲೋಡ್ ಮಾಡಿ) ಜಾಗ ಮಾಡಿಕೊಳ್ಳುತ್ತದೆ. ನನ್ನ ತಪ್ಪು ಒಂದೇ ಒಂದು ಸಾಲಿನದು. ಅದನ್ನು ಹುಡುಕಲು ಎರಡು ರಾತ್ರಿ ಬೇಕಾಯಿತು. ನಿಮಗೆ ಅಷ್ಟು ಹೊತ್ತು ಹಿಡಿಯಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಮೂರು ವಸ್ತುಗಳನ್ನು ಬೇರೆ ಮಾಡಿ ನೋಡಿ

ಒಂದು ಟೈಮರ್ ಅಂದರೆ ನಿಜಕ್ಕೂ ಮೂರು ವಸ್ತು. ಮೊದಲನೆಯದು ಟೈಮರ್. ಅದಕ್ಕೊಂದು ಹ್ಯಾಂಡಲ್ ಇದೆ. ಎರಡನೆಯದು ಅದರ ಜೊತೆ ಕಳಿಸಿದ ಮಾಹಿತಿ. ಒಂದೇ ಸಂಖ್ಯೆ ಕಳಿಸಬಹುದು, ಇಲ್ಲವೇ ಡೇಟಾಪ್ಯಾಕ್ ಎಂಬ ಗಂಟು ಕಟ್ಟಿ ಕಳಿಸಬಹುದು. ಗಂಟಾದರೆ ಅದಕ್ಕೆ ಬೇರೆಯದೇ ಹ್ಯಾಂಡಲ್ ಇರುತ್ತದೆ. ಮೂರನೆಯದು ನಿಮ್ಮ ವೇರಿಯಬಲ್. ಟೈಮರ್ ಅನ್ನು ಮುಂದೆ ರದ್ದು ಮಾಡಬೇಕಾದೀತು ಅಂತ ಅದರ ಹ್ಯಾಂಡಲ್ ನಂಬರನ್ನು ಅದರಲ್ಲಿ ಬರೆದಿಟ್ಟುಕೊಂಡಿರುತ್ತೀರಿ.

ಹ್ಯಾಂಡಲ್ ಅಂದರೆ ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ಟಾಗ ಕೊಡುವ ಟೋಕನ್ ಇದ್ದ ಹಾಗೆ. ವಸ್ತು ಇರುವುದು ಒಳಗೆ, ನಿಮ್ಮ ಕೈಯಲ್ಲಿರುವುದು ನಂಬರ್ ಮಾತ್ರ. ಟೈಮರ್ ರದ್ದು ಮಾಡಿದರೆ ಮೊದಲನೆಯ ವಸ್ತು ಖಂಡಿತ ಹೋಗುತ್ತದೆ. ಎರಡನೆಯದು ಹೋಗುತ್ತದೋ ಇಲ್ಲವೋ ಎನ್ನುವುದು ಟೈಮರ್ ಹುಟ್ಟಿಸುವಾಗ ನೀವು ಏನು ಹೇಳಿದ್ದಿರಿ ಎನ್ನುವುದರ ಮೇಲೆ ನಿಂತಿದೆ. ಮೂರನೆಯದನ್ನು ಸರಿಯಾಗಿ ಇಡುವುದು ನಿಮ್ಮದೇ ಹೊಣೆ. ಟೈಮರ್‌ಗೆ ಸಂಬಂಧಿಸಿದ ದೋಷಗಳನ್ನು ನಾನು ಈಗ ಹುಡುಕುವುದು ಈ ಕ್ರಮದಲ್ಲೇ.

ಹೆಜ್ಜೆ 1: ಗಂಟು ಬೇಕೇ ಬೇಕಾ?

ಎಷ್ಟೋ ಟೈಮರ್‌ಗಳಿಗೆ ಗಂಟು ಬೇಡವೇ ಬೇಡ. ಆಟಗಾರ ಯಾರು ಅಂತ ಗೊತ್ತಾದರೆ ಸಾಕು. ಆಗ ಕ್ರಿಯೇಟ್‌ಟೈಮರ್‌ಗೆ ಆಟಗಾರನ ಯೂಸರ್‌ಐಡಿ ಮಾತ್ರ ಕೊಡಿ. ಅದು ಬರೀ ಸಂಖ್ಯೆ, ಬಿಡುಗಡೆ ಮಾಡಲು ಏನೂ ಇಲ್ಲ, ಸೋರಲು ಏನೂ ಇಲ್ಲ.

ಕ್ಲೈಂಟ್ ನಂಬರನ್ನು ನೇರವಾಗಿ ಕೊಡಬೇಡಿ. ಅದು ಕುರ್ಚಿಯ ನಂಬರ್ ಇದ್ದ ಹಾಗೆ. 5ನೇ ಕುರ್ಚಿಯಲ್ಲಿದ್ದವರು ಎದ್ದು ಹೋದರೆ ಮುಂದೆ ಬಂದವರು ಅಲ್ಲೇ ಕೂರುತ್ತಾರೆ. ಟೈಮರ್ ಬಡಿಯುವ ಹೊತ್ತಿಗೆ ಬೇರೆ ಯಾರಿಗೋ ನಿಮ್ಮ ಬಹುಮಾನ, ಇಲ್ಲವೇ ಶಿಕ್ಷೆ ಸಿಗುತ್ತದೆ. ಗೆಟ್‌ಕ್ಲೈಂಟ್‌ಯೂಸರ್‌ಐಡಿ ಕೊಡುವ ಸಂಖ್ಯೆ ಹಾಗಲ್ಲ, ಅದು ಆ ವ್ಯಕ್ತಿಯ ಆ ಭೇಟಿಗೆ ಸೇರಿದ್ದು. ಕಾಲ್‌ಬ್ಯಾಕ್‌ನಲ್ಲಿ, ಅಂದರೆ ಟೈಮರ್ ಬಡಿದಾಗ ನಡೆಯುವ ನಿಮ್ಮ ಫಂಕ್ಷನ್‌ನಲ್ಲಿ, ಗೆಟ್‌ಕ್ಲೈಂಟ್‌ಆಫ್‌ಯೂಸರ್‌ಐಡಿ ಕರೆದು ನೋಡಿ. ಸೊನ್ನೆ ಬಂದರೆ ಆಟಗಾರ ಹೋಗಿಬಿಟ್ಟಿದ್ದಾರೆ ಅಂತ ಅರ್ಥ, ಸುಮ್ನೆ ವಾಪಸ್ ಬನ್ನಿ.

ಈ ಒಂದು ಬದಲಾವಣೆಯಿಂದಲೇ ನನ್ನ ಹಳೆಯ ಪ್ಲಗಿನ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಡೇಟಾಪ್ಯಾಕ್‌ಗಳು ಹೋದವು.

ಹೆಜ್ಜೆ 2: ಗಂಟು ಕಟ್ಟುವಾಗಲೇ ಅದು ಯಾರದ್ದು ಅಂತ ತೀರ್ಮಾನಿಸಿ

ನನ್ನ ಪ್ಲಗಿನ್‌ಗೆ ಗಂಟು ಬೇಕಿತ್ತು. ಸತ್ತ ಜಾಗದ ಮೂರು ಸಂಖ್ಯೆಗಳು, ಬಂದೂಕಿನ ಹೆಸರು, ಯೂಸರ್‌ಐಡಿ ಎಲ್ಲ ಸೇರಿ ಹೋಗಬೇಕು. ನಾನು ಮಾಡಿದ್ದು ಹೀಗೆ: ಹೊಸ ಡೇಟಾಪ್ಯಾಕ್ ಹುಟ್ಟಿಸಿದೆ, ಎಲ್ಲವನ್ನೂ ತುಂಬಿದೆ, ಮಾಮೂಲಿ ಕ್ರಿಯೇಟ್‌ಟೈಮರ್‌ಗೆ ಕೊಟ್ಟೆ. ಕಾಲ್‌ಬ್ಯಾಕ್‌ನಲ್ಲಿ ಎಲ್ಲ ಓದಿಕೊಂಡು ಕೊನೆಗೆ ಗಂಟನ್ನು ಡಿಲೀಟ್ ಮಾಡಿದೆ. ಟೈಮರ್ ಬಡಿದರೆ ಎಲ್ಲವೂ ಸರಿ. ಆದರೆ ಟೈಮರ್ ರದ್ದಾದರೆ ಕಾಲ್‌ಬ್ಯಾಕ್ ನಡೆಯುವುದೇ ಇಲ್ಲ. ಗಂಟನ್ನು ಬಿಚ್ಚುವ ಸಾಲು ಇದ್ದದ್ದು ಆ ಕಾಲ್‌ಬ್ಯಾಕ್ ಒಳಗೆ ಮಾತ್ರ! ಪ್ರತಿ ರದ್ದತಿಗೂ ಒಂದೊಂದು ಗಂಟು ಉಳಿಯುತ್ತಾ ಹೋಯಿತು.

ಇದಕ್ಕೆ ಮೂರು ದಾರಿ ಇವೆ.

ನನಗೆ ಇಷ್ಟವಾದದ್ದು ಕ್ರಿಯೇಟ್‌ಡೇಟಾಟೈಮರ್. ಇದು ಟೈಮರ್ ಮತ್ತು ಗಂಟು ಎರಡನ್ನೂ ಒಟ್ಟಿಗೇ ಹುಟ್ಟಿಸುತ್ತದೆ. ಗಂಟು ಟೈಮರ್‌ಗೆ ಸೇರಿದ್ದು ಅಂತ ಆಗಲೇ ಗುರುತು ಹಾಕುತ್ತದೆ. ಟೈಮರ್ ಬಡಿದು ಮುಗಿದರೂ ಸರಿ, ಮಧ್ಯದಲ್ಲಿ ರದ್ದಾದರೂ ಸರಿ, ಗಂಟು ಅದರ ಜೊತೆಗೇ ಹೋಗುತ್ತದೆ. ಟೈಮರ್ ಹುಟ್ಟಿದ ಮೇಲೆ ಗಂಟಿಗೆ ತುಂಬಬೇಕಲ್ಲ, ಅಷ್ಟರಲ್ಲಿ ಬಡಿದುಬಿಟ್ಟರೆ ಅಂತ ಕೆಲವರಿಗೆ ಭಯ. ಹಾಗಾಗುವುದಿಲ್ಲ. ನಿಮ್ಮ ಫಂಕ್ಷನ್ ಮುಗಿಯುವವರೆಗೆ ಟೈಮರ್ ಕಾಯುತ್ತದೆ.

ಇದನ್ನು ಬಳಸುವಾಗ ಒಂದು ಎಚ್ಚರ. ಕಾಲ್‌ಬ್ಯಾಕ್ ಒಳಗೆ ನೀವೇ ಆ ಗಂಟನ್ನು ಡಿಲೀಟ್ ಮಾಡಬೇಡಿ. ಅದು ಈಗ ನಿಮ್ಮದಲ್ಲ. ರಿಸೆಟ್ ಮಾಡಿ, ತುಂಬಿದ ಕ್ರಮದಲ್ಲೇ ಓದಿ, ಬಿಟ್ಟುಬಿಡಿ. ಹಳೆ ಕೋಡ್ ಬದಲಿಸುವಾಗ ಆ ಕೊನೆಯ ಡಿಲೀಟ್ ಸಾಲನ್ನು ತೆಗೆಯಲು ಮರೆಯುವವರೇ ಜಾಸ್ತಿ.

ಎರಡನೆಯ ದಾರಿ: ಕ್ರಿಯೇಟ್‌ಟೈಮರ್ ಅನ್ನೇ ಬಳಸಿ, ಜೊತೆಗೆ ಟೈಮರ್_ಡೇಟಾ_ಎಚ್‌ಎನ್‌ಡಿಎಲ್_ಕ್ಲೋಸ್ ಎಂಬ ಫ್ಲ್ಯಾಗ್ ಹಾಕಿ. ಫಲ ಒಂದೇ. ಗಂಟಿನ ಬದಲು ಅರೇಲಿಸ್ಟ್ ಅಥವಾ ಸ್ಟ್ರಿಂಗ್‌ಮ್ಯಾಪ್ ಎಂಬ ಬಗೆಯ ಪಟ್ಟಿ ಕಳಿಸುತ್ತಿದ್ದರೆ ಇದೇ ದಾರಿ. ಇಲ್ಲೊಂದು ಸೂಕ್ಷ್ಮ ಇದೆ. ಆ ಪಟ್ಟಿಯ ಒಳಗೆ ಮತ್ತೆ ಬೇರೆ ಹ್ಯಾಂಡಲ್‌ಗಳನ್ನು ಇಟ್ಟಿದ್ದರೆ ಅವು ಬಿಡುಗಡೆ ಆಗುವುದಿಲ್ಲ. ಹೊರಗಿನ ಪಟ್ಟಿ ಮಾತ್ರ ಹೋಗುತ್ತದೆ. ಅಂಥ ಪಟ್ಟಿಯನ್ನು ಟೈಮರ್ ಜೊತೆ ಕಳಿಸದಿರುವುದೇ ಒಳ್ಳೆಯದು. ಅದನ್ನು ಗ್ಲೋಬಲ್ ವೇರಿಯಬಲ್‌ನಲ್ಲಿ ಇಟ್ಟುಕೊಂಡು, ಒಳಗಿನದನ್ನೆಲ್ಲ ಲೂಪ್ ಹಾಕಿ ಡಿಲೀಟ್ ಮಾಡಿ, ಆಮೇಲೆ ಹೊರಗಿನದನ್ನು ಮಾಡಿ.

ಮೂರನೆಯದು: ರದ್ದು ಮಾಡುವ ಜಾಗದಲ್ಲಿ ಕಿಲ್‌ಟೈಮರ್ ಬಳಸಿ, ಅದರ ಎರಡನೆಯ ಆರ್ಗ್ಯುಮೆಂಟ್‌ಗೆ ಟ್ರೂ ಕೊಡಿ. ಫ್ಲ್ಯಾಗ್ ಇಲ್ಲದಿದ್ದರೂ ಗಂಟನ್ನು ಅದು ಮುಚ್ಚುತ್ತದೆ. ಆ ಆರ್ಗ್ಯುಮೆಂಟ್ ಕೊಡದಿದ್ದರೆ ಫಾಲ್ಸ್ ಅಂತಲೇ ಲೆಕ್ಕ. ಇದು ಕೆಲಸ ಮಾಡುತ್ತದೆ, ಆದರೆ ನನಗೆ ನೆಮ್ಮದಿ ಕೊಡುವುದಿಲ್ಲ. ರದ್ದು ಮಾಡುವ ಜಾಗ ನಾಲ್ಕಿದ್ದರೆ ನಾಲ್ಕೂ ಕಡೆ ಟ್ರೂ ಬರೆಯಬೇಕು. ಬಡಿದಾಗ ಮುಚ್ಚುವ ಕೆಲಸ ಕಾಲ್‌ಬ್ಯಾಕ್‌ನಲ್ಲಿ ಬೇರೆ ಇರಬೇಕು. ಆರು ತಿಂಗಳ ಮೇಲೆ ಐದನೆಯ ಜಾಗ ಸೇರಿಸುವಾಗ ಮರೆತೇ ಮರೆಯುತ್ತೀರಿ. ಹುಟ್ಟುವಾಗಲೇ ತೀರ್ಮಾನವಾದರೆ ಸಾಯುವಾಗ ಯೋಚನೆ ಇರುವುದಿಲ್ಲ.

ಹೆಜ್ಜೆ 3: ವೇರಿಯಬಲ್‌ನಲ್ಲಿ ಹಳೆ ಟೋಕನ್ ಉಳಿಯಬಾರದು

ಸೋರಿಕೆ ನಿಂತ ಮೇಲೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಇದು. ಲಾಗ್‌ನಲ್ಲಿ ‘ಇನ್‌ವ್ಯಾಲಿಡ್ ಹ್ಯಾಂಡಲ್’ ಅಂತ ಬಂದು ಕೊನೆಯಲ್ಲಿ ‘ಎರರ್ 3’ ಅಥವಾ ‘ಎರರ್ 1’ ಇರುತ್ತದೆ. 3 ಅಂದರೆ ಆ ಹ್ಯಾಂಡಲ್ ಆಗಲೇ ಬಿಡುಗಡೆಯಾಗಿದೆ. 1 ಅಂದರೆ ಬಿಡುಗಡೆಯಾಗಿ, ಆ ಜಾಗ ಬೇರೆ ಯಾವುದಕ್ಕೋ ಸಿಕ್ಕಿದೆ. ಚಪ್ಪಲಿ ತೆಗೆದುಕೊಂಡು ಹೋದ ಮೇಲೆ ಅದೇ ನಂಬರ್ ಹಿಡಿದು ಮತ್ತೆ ಹೋದ ಹಾಗೆ. ಅಷ್ಟರಲ್ಲಿ ಆ ಗೂಡಿನಲ್ಲಿ ಬೇರೆಯವರ ಚಪ್ಪಲಿ ಇರಬಹುದು.

ಹೇಗೆ ಆಗುತ್ತದೆ ಅಂದರೆ, ಒಂದೇ ಸಲ ಬಡಿಯುವ ಟೈಮರ್ ಬಡಿದ ಕೂಡಲೇ ತಾನೇ ಅಳಿದುಹೋಗುತ್ತದೆ. ನಿಮ್ಮ ವೇರಿಯಬಲ್‌ಗೆ ಅದು ಗೊತ್ತಾಗುವುದಿಲ್ಲ. ಅದರಲ್ಲಿ ಹಳೇ ನಂಬರ್ ಹಾಗೇ ಇರುತ್ತದೆ. ಆಮೇಲೆ ಆಟಗಾರ ಹೊರಟಾಗ ನೀವು ಅದನ್ನು ಡಿಲೀಟ್ ಮಾಡಲು ಹೋಗುತ್ತೀರಿ, ಎರರ್ ಬರುತ್ತದೆ. ಎರರ್ ಬಂದರೆ ಆ ಫಂಕ್ಷನ್ ಅಲ್ಲೇ ನಿಲ್ಲುತ್ತದೆ. ಕೆಳಗಿದ್ದ ಬೇರೆ ಸ್ವಚ್ಛತೆಯ ಸಾಲುಗಳು ನಡೆಯುವುದೇ ಇಲ್ಲ. ಒಂದು ತಪ್ಪಿನಿಂದ ಇನ್ನೊಂದು ಸೋರಿಕೆ ಹುಟ್ಟುವುದು ಹೀಗೆ.

ಆದ್ದರಿಂದ ಕಾಲ್‌ಬ್ಯಾಕ್ ಒಳಗೆ ಎಲ್ಲಕ್ಕಿಂತ ಮೊದಲು ವೇರಿಯಬಲ್ ಅನ್ನು ನಲ್ (ಖಾಲಿ) ಮಾಡಿ. ‘ಎಲ್ಲಕ್ಕಿಂತ ಮೊದಲು’ ಅನ್ನುವುದು ಮುಖ್ಯ. ಹಲವರು ‘ಆಟಗಾರ ಬದುಕಿದ್ದರೆ ವಾಪಸ್ ಹೋಗು’ ಎಂಬ ಪರೀಕ್ಷೆಯನ್ನು ಮೇಲೆ ಬರೆದು, ನಲ್ ಮಾಡುವ ಸಾಲನ್ನು ಕೆಳಗೆ ಇಡುತ್ತಾರೆ. ಪರೀಕ್ಷೆಯಲ್ಲೇ ವಾಪಸ್ ಹೋದ ದಿನ ನಲ್ ಆಗುವುದಿಲ್ಲ.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಪ್ರತಿ ಆಟಗಾರನಿಗೂ ಒಂದೊಂದು ಟೈಮರ್ ಇರುವ ಅರೇ ನಿಮ್ಮದಾದರೆ, ಯಾವ ಕೋಣೆಯನ್ನು ನಲ್ ಮಾಡಬೇಕು ಅಂತ ಕಾಲ್‌ಬ್ಯಾಕ್‌ಗೆ ಹೇಗೆ ತಿಳಿಯಬೇಕು? ನಾನು ಗಂಟಿನಲ್ಲಿ ಎರಡನ್ನೂ ಹಾಕುತ್ತೇನೆ. ಮೊದಲು ಕ್ಲೈಂಟ್ ನಂಬರ್, ಆಮೇಲೆ ಯೂಸರ್‌ಐಡಿ. ಕ್ಲೈಂಟ್ ನಂಬರ್ ನನ್ನ ಅರೇಯ ಕೋಣೆ ಹುಡುಕಲು ಮಾತ್ರ. ವ್ಯಕ್ತಿ ಅವರೇನಾ ಅಂತ ನೋಡಲು ಯೂಸರ್‌ಐಡಿ. ಓದುವಾಗಲೂ ಮೊದಲು ಕ್ಲೈಂಟ್ ನಂಬರ್ ತೆಗೆದು ಆ ಕೋಣೆ ನಲ್ ಮಾಡಿ, ಉಳಿದದ್ದು ಆಮೇಲೆ.

ಮತ್ತೆ ಮತ್ತೆ ಬಡಿಯುವ ಟೈಮರ್‌ಗೆ ನಿಯಮ ಸ್ವಲ್ಪ ಬೇರೆ. ಅದು ಪ್ರತಿ ಸಲ ಬಡಿದ ಮೇಲೂ ಬದುಕಿರುತ್ತದೆ, ಹಾಗಾಗಿ ಪ್ರತಿ ಸಲ ನಲ್ ಮಾಡಬಾರದು. ನಿಲ್ಲಿಸುವಾಗ ಮಾತ್ರ ನಲ್ ಮಾಡಿ, ಪ್ಲಗಿನ್_ಸ್ಟಾಪ್ ಅನ್ನು ರಿಟರ್ನ್ ಮಾಡಿ. ತನ್ನದೇ ಕಾಲ್‌ಬ್ಯಾಕ್ ಒಳಗೆ ನಿಂತು ಅದೇ ಟೈಮರ್ ಅನ್ನು ಡಿಲೀಟ್ ಮಾಡುವ ಸಾಹಸ ಬೇಡ. ಕೂತ ಕೊಂಬೆಯನ್ನು ಕಡಿಯಬಾರದು ಅಲ್ವಾ?

ಹೆಜ್ಜೆ 4: ರದ್ದತಿ ಎಲ್ಲೆಲ್ಲಿ ನಡೆಯಬೇಕು ಅಂತ ಬರೆದುಕೊಳ್ಳಿ

ಒಂದು ಹಾಳೆ ತೆಗೆದುಕೊಂಡು ಬರೆಯಿರಿ. ನನ್ನ ಪ್ಲಗಿನ್‌ಗೆ ಬಂದ ಪಟ್ಟಿ: ಆಟಗಾರ ಸರ್ವರ್ ಬಿಟ್ಟಾಗ, ಹೊಸ ರೌಂಡ್ ಶುರುವಾದಾಗ, ಆಟಗಾರ ತಂಡ ಬದಲಿಸಿದಾಗ, ಮ್ಯಾಪ್ ಮುಗಿದಾಗ. ಇನ್ನೊಂದು ಜಾಗ ಎಲ್ಲರೂ ಮರೆಯುತ್ತಾರೆ: ಅದೇ ಆಟಗಾರನಿಗೆ ಹೊಸ ಟೈಮರ್ ಹುಟ್ಟಿಸುವ ಮುಂಚೆ. ಹಳೆಯದು ಇನ್ನೂ ಓಡುತ್ತಿರುವಾಗ ಅದೇ ಕೋಣೆಗೆ ಹೊಸ ನಂಬರ್ ಬರೆದರೆ ಹಳೆಯದು ಕೈತಪ್ಪಿ ಹೋಗುತ್ತದೆ. ಅದು ಓಡುವುದನ್ನು ನಿಲ್ಲಿಸಲು ನಿಮ್ಮ ಹತ್ತಿರ ದಾರಿಯೇ ಇಲ್ಲ. ಎರಡೂ ಬಡಿಯುತ್ತವೆ, ಆಟಗಾರ ಎರಡು ಸಲ ಹುಟ್ಟುತ್ತಾರೆ.

ರದ್ದು ಮಾಡುವ ಸಾಲು ಒಂದೇ: ಡಿಲೀಟ್ ಅಂತ ಬರೆದು ಅರೇಯ ಆ ಕೋಣೆಯ ಹೆಸರು. ಸೋರ್ಸ್‌ಮಾಡ್ 1.7ರಲ್ಲಿ ಬಂದ ಹೊಸ ಬರವಣಿಗೆಯ ಕ್ರಮದಲ್ಲಿ ಈ ಡಿಲೀಟ್ ಸಿಕ್ಕಿತು. ಕೋಣೆಯಲ್ಲಿ ನಲ್ ಇದ್ದರೆ ಅದು ಏನೂ ಮಾಡುವುದಿಲ್ಲ. ಟೈಮರ್ ಇದ್ದರೆ ಅದನ್ನು ಮುಚ್ಚಿ ಕೋಣೆಯನ್ನು ನಲ್ ಮಾಡುತ್ತದೆ. ಹಳೆಯ ಕ್ಲೋಸ್‌ಹ್ಯಾಂಡಲ್ ಹಾಗಿರಲಿಲ್ಲ, ಖಾಲಿ ಹ್ಯಾಂಡಲ್ ಕೊಟ್ಟರೆ ಎರರ್ ಕೊಡುತ್ತಿತ್ತು. ಮುಚ್ಚಿದ ಮೇಲೆ ನಾವೇ ಖಾಲಿ ಮಾಡಬೇಕಿತ್ತು. ಹಳೆ ಪ್ಲಗಿನ್‌ಗಳಲ್ಲಿ ಆ ಮೂರು ಸಾಲು (ಖಾಲಿಯೇ ಅಂತ ನೋಡುವುದು, ಮುಚ್ಚುವುದು, ಖಾಲಿ ಮಾಡುವುದು) ಎಲ್ಲಿ ಕಂಡರೂ ಒಂದು ಡಿಲೀಟ್ ಸಾಲಿಗೆ ಇಳಿಸಿ.

ಪ್ಲಗಿನ್ ಇಳಿಸುವಾಗ ಏನೂ ಮಾಡಬೇಕಿಲ್ಲ. ಆ ಪ್ಲಗಿನ್‌ಗೆ ಸೇರಿದ ಎಲ್ಲ ಹ್ಯಾಂಡಲ್‌ಗಳನ್ನೂ ಸೋರ್ಸ್‌ಮಾಡ್ ತಾನೇ ಮುಚ್ಚುತ್ತದೆ. ಆನ್‌ಪ್ಲಗಿನ್‌ಎಂಡ್‌ನಲ್ಲಿ ಉದ್ದುದ್ದ ಲೂಪ್ ಬರೆಯುವ ಶ್ರಮ ಬೇಡ.

ಹೆಜ್ಜೆ 5: ಮ್ಯಾಪ್ ಬದಲಾದಾಗ

ಟೈಮರ್‌ಗಳು ಮ್ಯಾಪ್ ಬದಲಾದರೂ ಮುಂದುವರಿಯುತ್ತವೆ. ಬೇಡ ಅನ್ನಿಸಿದರೆ ಟೈಮರ್_ಫ್ಲ್ಯಾಗ್_ನೋ_ಮ್ಯಾಪ್‌ಚೇಂಜ್ ಎಂಬ ಫ್ಲ್ಯಾಗ್ ಇದೆ. ಮ್ಯಾಪ್ ಬದಲಾಗುವಾಗ ಸೋರ್ಸ್‌ಮಾಡ್ ತಾನೇ ಟೈಮರ್ ಕೊಲ್ಲುತ್ತದೆ. ತುಂಬ ಅನುಕೂಲ. ಆದರೆ ಮೂರನೆಯ ವಸ್ತು ನೆನಪಿದೆಯಲ್ಲ? ಗ್ಲೋಬಲ್ ವೇರಿಯಬಲ್ ಮ್ಯಾಪ್ ಬದಲಾದರೂ ಹಾಗೇ ಇರುತ್ತದೆ, ಸತ್ತ ಟೈಮರ್‌ನ ನಂಬರ್ ಹೊತ್ತುಕೊಂಡು. ಹೊಸ ಮ್ಯಾಪ್‌ನ ಮೊದಲ ರೌಂಡ್‌ನಲ್ಲೇ ಎರರ್ 3.

ನಾನು ಪಾಲಿಸುವ ನಿಯಮ ಇದು. ಟೈಮರ್‌ನ ಹ್ಯಾಂಡಲ್ ಅನ್ನು ಎಲ್ಲೂ ಬರೆದಿಟ್ಟುಕೊಳ್ಳದಿದ್ದರೆ ಆ ಫ್ಲ್ಯಾಗ್ ಹಾಕುತ್ತೇನೆ. ಬರೆದಿಟ್ಟುಕೊಂಡಿದ್ದರೆ ಫ್ಲ್ಯಾಗ್ ಹಾಕುವುದಿಲ್ಲ, ಆನ್‌ಮ್ಯಾಪ್‌ಎಂಡ್‌ನಲ್ಲಿ 1ರಿಂದ ಮ್ಯಾಕ್ಸ್‌ಕ್ಲೈಂಟ್ಸ್‌ವರೆಗೆ ಲೂಪ್ ಹಾಕಿ ನಾನೇ ಡಿಲೀಟ್ ಮಾಡುತ್ತೇನೆ. ಎರಡೂ ಒಟ್ಟಿಗೆ ಬೇಡ. ಒಂದು ಟೈಮರ್ ಕೊಲ್ಲಲು ಇಬ್ಬರು ಇದ್ದರೆ, ಯಾರು ಮೊದಲು ಬಂದರು ಅಂತ ಲೆಕ್ಕ ಹಾಕುವುದರಲ್ಲೇ ರಾತ್ರಿ ಕಳೆಯುತ್ತದೆ.

ಹೆಜ್ಜೆ 6: ಎಣಿಸಿ ನೋಡಿ

ಕೋಡ್ ಓದಿ ಸರಿಯಾಗಿದೆ ಅನ್ನಿಸಿದರೆ ಸಾಲದು. ಎಣಿಸಬೇಕು. ಸರ್ವರ್ ಕನ್ಸೋಲ್‌ನಲ್ಲಿ ಎಸ್‌ಎಂ_ಡಂಪ್_ಹ್ಯಾಂಡಲ್ಸ್ ಅಂತ ಬರೆದು ಮುಂದೆ ಒಂದು ಫೈಲಿನ ಹೆಸರು ಕೊಡಿ. ಆ ಕ್ಷಣದಲ್ಲಿ ಬದುಕಿರುವ ಎಲ್ಲ ಹ್ಯಾಂಡಲ್‌ಗಳ ಪಟ್ಟಿ ಆ ಫೈಲಿಗೆ ಹೋಗುತ್ತದೆ. ಒಂದೊಂದು ಸಾಲಿನಲ್ಲೂ ಹ್ಯಾಂಡಲ್ ನಂಬರ್, ಯಾವ ಪ್ಲಗಿನ್‌ಗೆ ಸೇರಿದ್ದು, ಯಾವ ಬಗೆ, ಎಷ್ಟು ಮೆಮೊರಿ ಅಂತ ಇರುತ್ತದೆ.

ಪರೀಕ್ಷೆಗೆ ಗೆಳೆಯರನ್ನು ಕಾಯಬೇಕಿಲ್ಲ, ಬಾಟ್‌ಗಳು (ಕಂಪ್ಯೂಟರೇ ಆಡಿಸುವ ಆಟಗಾರರು) ಸಾಕು. ನೀವೊಬ್ಬರೇ ಸರ್ವರ್‌ಗೆ ಸೇರಿಕೊಳ್ಳಿ. ಬಾಟ್_ಆ್ಯಡ್ ಕಮಾಂಡ್ ಕೊಟ್ಟು 10 ಬಾಟ್ ಸೇರಿಸಿ. ಮೊದಲ ಪಟ್ಟಿ ತೆಗೆದಿಡಿ. ಆಮೇಲೆ ಎಸ್‌ಎಂ_ಸ್ಲೇ ಕಮಾಂಡ್‌ಗೆ ‘@ಬಾಟ್ಸ್’ ಅಂತ ಗುರಿ ಕೊಟ್ಟು ಎಲ್ಲ ಬಾಟ್‌ಗಳನ್ನೂ ಒಂದೇ ಏಟಿಗೆ ಸಾಯಿಸಿ. ಹತ್ತು ಟೈಮರ್ ಹುಟ್ಟುತ್ತವೆ. ಅವು ಬಡಿಯುವ ಮುಂಚೆಯೇ ಬಾಟ್_ಕಿಕ್ ಕೊಟ್ಟು ಎಲ್ಲರನ್ನೂ ಹೊರಗೆ ಕಳಿಸಿ. ಹತ್ತೂ ರದ್ದು. ಈಗ ಎರಡನೆಯ ಪಟ್ಟಿ ತೆಗೆಯಿರಿ.

ಎರಡನ್ನೂ ಪಕ್ಕಪಕ್ಕ ಇಟ್ಟು ನಿಮ್ಮ ಪ್ಲಗಿನ್‌ನ ಸಾಲುಗಳನ್ನು ಬಗೆ ಪ್ರಕಾರ ಎಣಿಸಿ. ನನ್ನ ಹಳೇ ಕೋಡ್‌ನಲ್ಲಿ ಟೈಮರ್ ಎಂಬ ಬಗೆಯ ಸಾಲು ಒಂದೂ ಹೆಚ್ಚಿರಲಿಲ್ಲ. ಡೇಟಾಪ್ಯಾಕ್ ಎಂಬ ಬಗೆ ಸರಿಯಾಗಿ 10 ಹೆಚ್ಚಿತ್ತು. ಈ ಎರಡು ಅಂಕಿ ನೋಡಿದ ಕೂಡಲೇ ಎಲ್ಲ ಅರ್ಥವಾಯಿತು: ಟೈಮರ್‌ಗಳು ಹೋಗಿವೆ, ಗಂಟುಗಳು ಉಳಿದಿವೆ. ಟೈಮರ್ ಬಗೆಯ ಸಾಲುಗಳೇ ಹೆಚ್ಚಿದ್ದರೆ ತಪ್ಪು ಬೇರೆ ಕಡೆ ಇದೆ. ಯಾವುದೋ ಕೋಣೆಯ ಮೇಲೆ ಹೊಸ ನಂಬರ್ ಬರೆದು ಹಳೆಯದನ್ನು ಕಳೆದುಕೊಂಡಿದ್ದೀರಿ, ಇಲ್ಲವೇ ನಾಲ್ಕನೆಯ ಹೆಜ್ಜೆಯ ಪಟ್ಟಿಯಲ್ಲಿ ಒಂದು ಜಾಗ ಬಿಟ್ಟುಹೋಗಿದೆ. ಡಂಪ್ ತೆಗೆಯುವ ಹೊತ್ತಿಗೆ ಯಾವುದೋ ಟೈಮರ್ ನಿಜವಾಗಿಯೇ ಓಡುತ್ತಿರಬಹುದು, ಅದಕ್ಕೆ ಎರಡನೆಯ ಪಟ್ಟಿಯನ್ನು 15 ಸೆಕೆಂಡ್ ಕಾದು ತೆಗೆಯುವುದು ಒಳ್ಳೆಯದು.

ಕ್ರಿಯೇಟ್‌ಡೇಟಾಟೈಮರ್‌ಗೆ ಬದಲಿಸಿ, ಕಾಲ್‌ಬ್ಯಾಕ್‌ನ ಡಿಲೀಟ್ ಸಾಲು ತೆಗೆದು, ಇದೇ ಪರೀಕ್ಷೆಯನ್ನು ಐದು ಸಲ ಮಾಡಿದೆ. ಮೊದಲ ಪಟ್ಟಿಗೂ ಕೊನೆಯ ಪಟ್ಟಿಗೂ ಒಂದು ಡೇಟಾಪ್ಯಾಕ್‌ನಷ್ಟೂ ವ್ಯತ್ಯಾಸ ಬರಲಿಲ್ಲ. ಆ ಎರಡು ಫೈಲುಗಳನ್ನು ಇವತ್ತಿಗೂ ಪ್ಲಗಿನ್ ಫೋಲ್ಡರ್‌ನಲ್ಲೇ ಇಟ್ಟಿದ್ದೇನೆ. ಕೋಡ್‌ಗೆ ಏನೇ ಹೊಸದು ಸೇರಿಸಿದರೂ ಹತ್ತು ಬಾಟ್ ಕರೆಸಿ, ಹೊಸ ಪಟ್ಟಿ ತೆಗೆದು, ಅವುಗಳ ಪಕ್ಕ ಇಟ್ಟು ನೋಡುತ್ತೇನೆ.